ಅಂತರ್ಜಲವೂ ದಾನವಿವೇಕವೂ

ನೀರಡಿಸಿದವರಿಗೆ ನೀರು ಕೊಡುವುದು ಧರ್ಮವೆಂಬುದನ್ನು ಪ್ರಮಾಣಗಳಿಂದ ಸಾಧಿಸಬೇಕಾದ ಅವಶ್ಯಕತೆಯಿಲ್ಲ. ಬೇಸಿಗೆಯಲ್ಲಿ ದಾರಿಯ ಬದಿಗೆ ಅರವಟಿಗೆ ಇಡಿಸುವುದು, ಊರಿಗೆ ಬಾವಿ ತೋಡಿಸುವುದು, ಕೆರೆಯ ಏರಿಯನ್ನು ಭದ್ರಪಡಿಸುವುದು ಇವೆಲ್ಲ ಕನ್ನಡ ನಾಡಿನ ಸಂಪನ್ನ ಗೃಹಸ್ಥರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಕಾರ್ಯಗಳು. ಬಸದಿಗಳಿಗೆ ಬಿಟ್ಟ ದತ್ತಿಗಳನ್ನು ಹೇಳುವ ಶಾಸನಗಳಲ್ಲಿ ಕೆರೆ ಮತ್ತು ಕೆರೆಯ ಕೆಳಗಣ ಗದ್ದೆಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಶ್ರವಣಬೆಳಗೊಳದ ಹೆಸರಿನಲ್ಲಿಯೇ ಒಂದು ಕೊಳವಿದೆ. ಈ ಪರಂಪರೆಯ ಇಂದಿನ ರೂಪವೆಂದರೆ ಕೊಳವೆಬಾವಿ. ತಂದೆತಾಯಿಯರ ಸ್ಮರಣಾರ್ಥವಾಗಿ ಶಾಲೆಗೋ ಛತ್ರಕ್ಕೋ ಒಂದು ಕೊಳವೆಬಾವಿಯನ್ನು ಕೊರೆಯಿಸಿ, ಪಂಪು ಕೂರಿಸಿ, ಪಕ್ಕದಲ್ಲಿ ದಾನಿಯ ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸುವುದು ಈಗ ಸಾಮಾನ್ಯ ರೂಢಿಯಾಗಿದೆ. ಇದರ ಹಿಂದಿರುವ ಸದ್ಭಾವನೆಯನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ದಾನವು ಸದ್ಭಾವನೆಯೊಂದರಿಂದಲೇ ಪೂರ್ಣವಾಗುವುದಿಲ್ಲ. ಅದಕ್ಕೆ ವಿವೇಕವೂ ಬೇಕು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ಎರಡು ಅಂಶಗಳನ್ನು ಇಟ್ಟಿದ್ದಾರೆ. ದಾನವು ಅನುಗ್ರಹಕ್ಕಾಗಿ, ಎಂದರೆ ಹಿತಕ್ಕಾಗಿ, ಆಗಿರಬೇಕು. ಮತ್ತು ಬಿಟ್ಟುಕೊಡುವ ವಸ್ತು ತನ್ನದಾಗಿರಬೇಕು. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷ ಉಂಟಾಗುತ್ತದೆಂದೂ ಅವರು ಹೇಳುತ್ತಾರೆ. ಈ ಒರೆಗಲ್ಲಿಗೆ ಕೊಳವೆಬಾವಿಯ ದಾನವನ್ನು ಹಚ್ಚಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕೊರೆಯುವ ಯಂತ್ರದ ಬಾಡಿಗೆ ದಾನಿಯದು. ಪೈಪು, ಪಂಪುಗಳ ಬೆಲೆ ದಾನಿಯದು. ಆದರೆ ಮೇಲೆ ಬರುವ ನೀರು ಯಾರದು?

ಕಾನೂನು ಇದಕ್ಕೆ ಸುಲಭವಾದ ಉತ್ತರವನ್ನು ಕೊಡುತ್ತದೆ. 1882ರ ಭಾರತೀಯ ಸುಖಭೋಗ ಹಕ್ಕುಗಳ ಅಧಿನಿಯಮದ ಪ್ರಕಾರ, ನಿಶ್ಚಿತವಾದ ಕಾಲುವೆಯಲ್ಲಿ ಹರಿಯದೆ ನೆಲದೊಳಗಿರುವ ನೀರನ್ನು ಭೂಮಿಯ ಒಡೆಯನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳಬಹುದು, ವಿನಿಯೋಗಿಸಬಹುದು. ಈ ಭಾವನೆಯ ಮೂಲ ಇಂಗ್ಲೆಂಡಿನಲ್ಲಿದೆ. 1843ರಲ್ಲಿ ಅಲ್ಲಿಯ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯ ಬಂದಿತ್ತು. ನೆರೆಯವನು ಕಲ್ಲಿದ್ದಲಿಗಾಗಿ ಗಣಿ ತೋಡಿದುದರಿಂದ ಹತ್ತಿಯ ಗಿರಣಿಯೊಂದರ ಬಾವಿ ಬತ್ತಿಹೋಯಿತು. ಗಿರಣಿಯವನಿಗೆ ಪರಿಹಾರ ದೊರೆಯಲಿಲ್ಲ. ನೆಲದ ಕೆಳಗೆ ನೀರು ಎಲ್ಲಿಂದ ಎಲ್ಲಿಗೆ ಹೇಗೆ ಸಾಗುತ್ತದೆಂಬುದು ಆ ಕಾಲದಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕಾಣದ ವಸ್ತುವಿನ ಮೇಲೆ ಪರಸ್ಪರ ಹೊಣೆಯನ್ನು ಹೊರಿಸುವುದು ಹೇಗೆ ಎಂಬ ತೊಡಕಿನಿಂದ ಹುಟ್ಟಿದ ನಿಯಮವದು. ಹೀಗೆ ಅಜ್ಞಾನವೇ ಹಕ್ಕಿಗೆ ಆಧಾರವಾಯಿತು. ಕರ್ನಾಟಕವು ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ 1999ರಲ್ಲಿ ಒಂದು, ಅಂತರ್ಜಲದ ನಿಯಂತ್ರಣಕ್ಕಾಗಿ 2011ರಲ್ಲಿ ಇನ್ನೊಂದು ಅಧಿನಿಯಮವನ್ನು ರಚಿಸಿಕೊಂಡಿತು. ಆದರೂ ‘ನನ್ನ ನೆಲ, ನನ್ನ ನೀರು’ ಎಂಬ ಭಾವನೆ ಜನರ ಮನಸ್ಸಿನಿಂದ ಹೋಗಿಲ್ಲ.

ವಸ್ತುಸ್ಥಿತಿ ಬೇರೆಯಾಗಿದೆ. ಕರ್ನಾಟಕದ ಬಹುಭಾಗದ ನೆಲದಡಿಯಲ್ಲಿರುವುದು ಗ್ರಾನೈಟು, ನೈಸ್ ಮೊದಲಾದ ಗಟ್ಟಿಶಿಲೆ. ಉತ್ತರದ ಜಿಲ್ಲೆಗಳಲ್ಲಿ ಕಪ್ಪು ಬಸಾಲ್ಟು. ಇಂತಹ ಶಿಲೆಯಲ್ಲಿ ಪಾತಾಳಗಂಗೆಯೆಂಬ ನದಿಯೇನೂ ಹರಿಯುತ್ತಿಲ್ಲ. ಮೇಲ್ಭಾಗದ ಶಿಥಿಲ ಪದರದಲ್ಲಿ ಮಳೆಯ ನೀರು ಇಂಗಿ ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಅಷ್ಟಿಷ್ಟು ಸೇರಿಕೊಂಡಿರುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗುತ್ತವೆ, ಅಲ್ಲಿಯ ನೀರು ಮತ್ತೆ ತುಂಬಿಕೊಳ್ಳಲು ಬಹುಕಾಲ ಹಿಡಿಯುತ್ತದೆ. ಈ ಬಿರುಕುಗಳು ಸರ್ವೇ ಕಲ್ಲುಗಳನ್ನು ಅರಿಯವು. ಒಬ್ಬನ ಹೊಲದಲ್ಲಿ ಆಳವಾದ ಕೊಳವೆಬಾವಿಯಿಂದ ನೀರೆತ್ತಿದರೆ ಅದೇ ಬಿರುಕಿಗೆ ಸೇರಿದ ನೆರೆಯವನ ಬಾವಿಯ ನೀರು ಇಳಿಯುತ್ತದೆ. ಹಣವುಳ್ಳವನು ಇನ್ನೂ ಆಳಕ್ಕೆ ಹೋಗುತ್ತಾನೆ. ಇಲ್ಲದವನು ಸಾಲ ಮಾಡಿ ಕೊರೆಯಿಸುತ್ತಾನೆ, ನೀರು ಬಾರದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಆಚಾರ್ಯರು ಹೇಳಿದ್ದಾರೆ. ನೆರೆಯವನ ಪಾಲಿನ ನೀರನ್ನು ಅರಿಯದೆ ಎಳೆದುಕೊಂಡು ಅದನ್ನು ಮತ್ತೊಬ್ಬನಿಗೆ ಕೊಟ್ಟರೆ, ಅದರಲ್ಲಿ ದಾನವೆಷ್ಟು, ಅದತ್ತಾದಾನವೆಷ್ಟು? ಅರಿಯದೆ ಆದುದು ಚೌರ್ಯವಾಗಲಾರದೆಂದು ಸಮಾಧಾನ ಹೇಳಬಹುದು. ಆದರೆ ಅರಿಯಲು ಸಾಧ್ಯವಿದ್ದೂ ಅರಿಯದಿರುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನಾಚಾರದ ಮೊದಲ ಪಾಠ.

ಅರಿಯುವ ಪ್ರಯತ್ನ ಎಷ್ಟರಮಟ್ಟಿಗೆ ನಡೆದಿದೆ? ದೇಶದಲ್ಲಿ ಅಂತರ್ಜಲದ ಅಧ್ಯಯನ ನಡೆಸುವ ಕೇಂದ್ರೀಯ ಅಂತರ್ಜಲ ಮಂಡಳಿಗೆ ಆ ಹೆಸರು ಬಂದುದು 1970ರಲ್ಲಿ. ಅದರ 2024ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 24,500 ಕೋಟಿ ಘನ ಮೀಟರ್ ಅಂತರ್ಜಲವನ್ನು ಮೇಲಕ್ಕೆತ್ತಲಾಗುತ್ತಿದೆ. ಪ್ರಪಂಚದ ಬೇರಾವ ದೇಶವೂ ಇಷ್ಟನ್ನು ಎತ್ತುವುದಿಲ್ಲ. 2017-18ನ್ನು ಆಧಾರವಾಗಿಟ್ಟುಕೊಂಡು ನಡೆದ ಸಣ್ಣ ನೀರಾವರಿ ಗಣತಿಯಲ್ಲಿ ಎಣಿಕೆಗೆ ಬಂದ ಅಂತರ್ಜಲದ ನೀರಾವರಿ ಮೂಲಗಳು ಸುಮಾರು 2 ಕೋಟಿ 19 ಲಕ್ಷ. ಮಂಡಳಿಯು ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟವನ್ನು ಅಳೆಯುವ ಬಾವಿಗಳಾದರೋ ಸುಮಾರು 26,000. ನೀರೆತ್ತುವ ಎಂಟುನೂರಕ್ಕೂ ಹೆಚ್ಚು ಬಾವಿಗಳಿಗೆ ಅಳೆಯುವ ಬಾವಿ ಒಂದು! ರಾಜ್ಯಗಳು ಇಟ್ಟುಕೊಂಡಿರುವ ಅಳತೆಯ ಬಾವಿಗಳನ್ನು ಕೂಡಿಸಿಕೊಂಡರೂ ಈ ಅಂತರ ತುಂಬುವಂತಹದಲ್ಲ.

ಕಿರ್ದಿ, ಖತಾವಣಿ ಬರೆದು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಮಳೆಯಿಂದ ಇಂಗುವ ನೀರು ಬಡ್ಡಿ. ಶಿಲೆಯೊಳಗೆ ಬಹುಕಾಲದಿಂದ ನಿಂತ ನೀರು ಅಸಲು. ಬಡ್ಡಿಯಲ್ಲಿ ಬದುಕುವ ಮನೆತನ ಉಳಿಯುತ್ತದೆ. ಅಸಲಿಗೆ ಕೈಹಾಕಿದ ಮನೆತನ ಕೆಲವು ಕಾಲ ವೈಭವದಿಂದಲೇ ಇರುತ್ತದೆ, ಆಮೇಲೆ ಒಂದು ದಿನ ಬಾಗಿಲು ಹಾಕುತ್ತದೆ. ಕೋಲಾರ ಜಿಲ್ಲೆಯ ತಾಲ್ಲೂಕುಗಳು ಮರುಪೂರಣಕ್ಕಿಂತ ಹೆಚ್ಚು ನೀರೆತ್ತುವ ‘ಅತಿಬಳಕೆ’ಯ ವರ್ಗಕ್ಕೆ ಸೇರಿವೆ. ಅಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ವಿಶೇಷವಲ್ಲ. ಜಮೆಯೆಷ್ಟೆಂದು ತಿಳಿಯದೆ ಖರ್ಚನ್ನಷ್ಟೇ ಬರೆಯುತ್ತಾ ಹೋಗುವ ಲೆಕ್ಕದ ಪುಸ್ತಕವಿದು.

ಈ ಹಾನಿ ಹೊಲಗದ್ದೆಗಳಿಗೆ ಮಾತ್ರ ಸೀಮಿತವಲ್ಲ. ಶ್ರಾವಕನ ನಿತ್ಯಾಚಾರವನ್ನೂ ತಟ್ಟಿದೆ. ನೀರನ್ನು ಗಾಳಿಸಿ ಕುಡಿಯುವುದು ಜೈನ ಮನೆತನದ ಗುರುತು. ಶುದ್ಧ ಆಚಾರದಲ್ಲಿ ಗಾಳಿಸುವುದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಬಟ್ಟೆಯ ಮೇಲೆ ಉಳಿದ ಜೀವಿಗಳನ್ನು ನೀರಿನಿಂದ ಮೆಲ್ಲನೆ ತೊಳೆದು, ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಮರಳಿ ಬಿಡಬೇಕು. ತೆಗೆದುಕೊಂಡಲ್ಲಿಗೇ ಮರಳಿಸುವ ಈ ವಿಧಿಯನ್ನು ಕೊಳವೆಬಾವಿಯಲ್ಲಿ ನಡೆಸುವ ಬಗೆಯೇ ಇಲ್ಲ. ಆದುದರಿಂದಲೇ ದಿಗಂಬರ ಮುನಿಗಳ ಆಹಾರಕ್ಕೆ ತೆರೆದ ಬಾವಿಯ ನೀರನ್ನು ಹುಡುಕುತ್ತಾರೆ. ಕೊಳವೆಬಾವಿಗಳು ಹೆಚ್ಚಿ ನೀರು ಆಳಕ್ಕೆ ಇಳಿದ ಊರುಗಳಲ್ಲಿ ತೆರೆದ ಬಾವಿಗಳು ಒಣಗಿ ಕಸದ ಗುಂಡಿಗಳಾಗಿವೆ. ವಿಹಾರದಲ್ಲಿ ಮುನಿಸಂಘ ಊರಿಗೆ ಬಂದಾಗ ಒಂದು ಕೊಡ ಬಾವಿಯ ನೀರಿಗಾಗಿ ಶ್ರಾವಕರು ಬಹುದೂರ ಹೋಗಬೇಕಾಗುತ್ತದೆ. ಹಾಗೆ ಹೋಗುವಾಗ ತಮ್ಮ ಊರಿನ ಬಾವಿ ಬತ್ತಿದುದು ಯಾರಿಂದ ಎಂಬ ಪ್ರಶ್ನೆ ಅವರ ಮನಸ್ಸಿಗೆ ಬರಬೇಕಾದುದು ಸಹಜ.

ಹಾಗಾದರೆ ನೀರಿನ ದಾನವನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ, ಅದನ್ನು ಅದರ ಸರಿಯಾದ ಮೂಲಕ್ಕೆ ಒಯ್ಯಬೇಕು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಪರಂಪರೆ ಗೃಹಸ್ಥನಿಗೆ ವಿಧಿಸಿದೆ. ಅಂತರ್ಜಲದ ವಿಷಯದಲ್ಲಿ ಈ ನಾಲ್ಕಕ್ಕೂ ಸ್ಥಾನವಿದೆ.

ಅವುಗಳಲ್ಲಿ ಮೊದಲನೆಯದಾಗಬೇಕಾದುದು ಶಾಸ್ತ್ರದಾನ, ಎಂದರೆ ಜ್ಞಾನದ ದಾನ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಬಸದಿಗಳನ್ನು ಕಟ್ಟಿಸುವ ಸಾಮರ್ಥ್ಯವಿದ್ದು, ಕಟ್ಟಿಸಿಯೂ ಇದ್ದ ಆ ದಾನಚಿಂತಾಮಣಿ ಓಲೆಗರಿಗಳಿಗಾಗಿಯೂ ಹಣವನ್ನು ವೆಚ್ಚಮಾಡಿದಳು. ತಿಳಿವಳಿಕೆ ಅಳಿದರೆ ಬಸದಿಯೂ ಬರಿಯ ಕಲ್ಲಾಗುತ್ತದೆಂಬುದನ್ನು ಅವಳು ಬಲ್ಲವಳಾಗಿರಬೇಕು. ಊರಿನ ನೆಲದಡಿಯಲ್ಲಿ ಯಾವ ಶಿಲೆಯಿದೆ, ಮಳೆಯಲ್ಲಿ ಎಷ್ಟು ಇಂಗುತ್ತದೆ, ಎಲ್ಲಿ ಇಂಗುತ್ತದೆ, ವರ್ಷಕ್ಕೆ ಎಷ್ಟು ಎತ್ತಬಹುದು ಎಂಬ ಅಧ್ಯಯನಕ್ಕೆ ಕೊಡುವ ಹಣವೂ ಇದೇ ಜಾತಿಯ ದಾನ.

ಎರಡನೆಯದು ಔಷಧದಾನ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದು ಹಳೆಯ ದುಃಖ. ಲೀಟರಿಗೆ 1 ಮಿಲಿಗ್ರಾಮ್ ಇರಬಹುದು, ಬೇರೆ ಮೂಲವಿಲ್ಲದೆಡೆ 1.5ರ ತನಕ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕೆ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಹಿರಿಯರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಈ ದೋಷ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಬಟ್ಟೆಯಲ್ಲಿ ಗಾಳಿಸಿದರೂ ಹೋಗದು, ಕುದಿಸಿದರೂ ಹೋಗದು. ಪರೀಕ್ಷೆಯೊಂದೇ ಅದನ್ನು ತೋರಿಸಬಲ್ಲದು. ಪರೀಕ್ಷೆ ಮಾಡಿಸದೆ ಶಾಲೆಗೆ ಕೊಳವೆಬಾವಿಯನ್ನು ದಾನ ಮಾಡಿದವನು ಆ ಮಕ್ಕಳಿಗೆ ಕೊಟ್ಟುದು ಏನೆಂಬುದು ಅವನಿಗೇ ತಿಳಿಯದು.

ಮೂರನೆಯದು ಅಭಯದಾನ, ಎಂದರೆ ರಕ್ಷಣೆ. ನೀರು ಬಾರದೆ ಬಾಯಿ ತೆರೆದುಕೊಂಡೇ ಬಿಟ್ಟ ಕೊಳವೆಬಾವಿಗಳಿಗೆ ಮಕ್ಕಳು ಬಿದ್ದು ಸತ್ತ ವಾರ್ತೆಗಳು ಪದೇ ಪದೇ ಬಂದಿವೆ. ಅವುಗಳನ್ನು ಮುಚ್ಚುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮಾರ್ಗಸೂಚಿಗಳನ್ನು ಕೊಟ್ಟಿತು. ಅಂತಹ ತೂತುಗಳ ಮೂಲಕ ಮೇಲಿನ ಕೊಳಚೆ ನೇರವಾಗಿ ಆಳದ ನೀರಿಗೆ ಇಳಿಯುವುದೂ ಉಂಟು. ಒಂದು ಹಳೆಯ ಕೊಳವೆಬಾವಿಯನ್ನು ವಿಧಿಪೂರ್ವಕವಾಗಿ ಮುಚ್ಚಿಸುವುದು ಒಂದು ಹೊಸದನ್ನು ಕೊರೆಯಿಸುವುದಕ್ಕಿಂತ ಕಡಮೆಯ ಪುಣ್ಯವೆಂದು ಹೇಳುವ ಧೈರ್ಯ ಯಾರಿಗಿದೆ?

ನಾಲ್ಕನೆಯದು ಆಹಾರದಾನಕ್ಕೆ ಸಮನಾದ ಸಂರಕ್ಷಣೆ: ಕೆರೆಯ ಹೂಳು ತೆಗೆಸುವುದು, ಇಂಗುಗುಂಡಿ ತೋಡಿಸುವುದು, ತೆರೆದ ಬಾವಿಗೆ ಮಳೆಯ ನೀರನ್ನು ಸೋಸಿ ಬಿಡುವುದು. ಇಲ್ಲಿಯೂ ಜ್ಞಾನ ಮುಂದೆ ನಡೆಯಬೇಕು. ಎಲ್ಲಿ ಬೇಕೆಂದರಲ್ಲಿ ತೋಡಿದ ಗುಂಡಿಯಲ್ಲಿ ನೀರು ಇಂಗುವುದಿಲ್ಲ. ಅಶುದ್ಧ ನೀರನ್ನು ಇಂಗಿಸಿದರೆ ಇದ್ದ ನೀರೂ ಕೆಡುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಸುತ್ತಣ ಬಾವಿಗಳಲ್ಲಿ ನೀರು ಏರಿತು. ಅದರ ಜೊತೆಗೇ ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಒತ್ತಾಯ ಅಲ್ಲಿಯ ಜನರಿಂದ ಎದ್ದಿತು. ನೀರಿನ ಪ್ರಮಾಣವೂ ಗುಣವೂ ಬೇರೆ ಬೇರೆಯಾಗಿ ಅಳೆಯಬೇಕಾದ ವಿಷಯಗಳೆಂಬುದಕ್ಕೆ ಇದು ನಿದರ್ಶನ.

ತಿಳಿದವರ ಕೈಯಲ್ಲೇ ಜ್ಞಾನ ಉಳಿದರೆ ಪ್ರಯೋಜನವಿಲ್ಲ. ಅದು ನೀರೆತ್ತುವವನಿಗೆ ತಲುಪಬೇಕು. ನೆರೆಯ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಈಗ ಅವುಗಳಲ್ಲಿ ಎರಡರ ಸೀಮೆ ತೆಲಂಗಾಣಕ್ಕೆ ಸೇರಿದೆ, ಈ ಶತಮಾನದ ಮೊದಲ ದಶಕದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ದಾರಿ ತೋರಿಸಿತು. ನೆದರ್ಲೆಂಡ್ಸ್ ಸರ್ಕಾರದ ಧನಸಹಾಯ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವುಗಳಿಂದ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ರೈತರೇ ಮಳೆಯನ್ನು ಅಳೆದರು, ಬಾವಿಗಳ ಮಟ್ಟವನ್ನು ಅಳೆದರು, ಹಿಂಗಾರಿನ ಮೊದಲು ಊರಿನವರೆಲ್ಲ ಕುಳಿತು ನೀರಿನ ಜಮಾಖರ್ಚನ್ನು ಮಾಡಿದರು. ಯಾರಿಗೂ ಪ್ರೋತ್ಸಾಹಧನ ಕೊಡಲಿಲ್ಲ, ಯಾರಿಗೂ ದಂಡ ಹಾಕಲಿಲ್ಲ. ಲೆಕ್ಕವನ್ನು ಕಣ್ಣಾರೆ ಕಂಡ ರೈತರಲ್ಲಿ ಅನೇಕರು ತಾವಾಗಿಯೇ ಭತ್ತವನ್ನು ಕಡಮೆ ಮಾಡಿ ಅಲ್ಪಜಲದ ಬೆಳೆಗಳಿಗೆ ತಿರುಗಿದರು. ಹಿಂಸೆಯಿಲ್ಲದೆ, ಬಲಾತ್ಕಾರವಿಲ್ಲದೆ, ಅರಿವಿನಿಂದ ಉಂಟಾದ ಸಂಯಮವಿದು. ಆದರೆ ಯೋಜನೆಯ ಅವಧಿ ಮುಗಿದು ಹಣ ನಿಂತ ಮೇಲೆ ಹಲವೆಡೆ ಈ ಅಭ್ಯಾಸವೂ ಸಡಿಲಗೊಂಡಿತು. ದಾನಿಗಳು ಮನಸ್ಸಿಟ್ಟು ಯೋಚಿಸಬೇಕಾದ ಸ್ಥಳವಿದು.

ಇಲ್ಲಿ ಕೆಲವು ಶಂಕೆಗಳು ಏಳಬಹುದು. ಬಾಯಾರಿದವನ ಮುಂದೆ ಅಧ್ಯಯನದ ಮಾತನ್ನು ಆಡುವುದು ನಿರ್ದಯತೆಯಲ್ಲವೆ ಎಂಬುದು ಮೊದಲನೆಯದು. ಶಂಕೆ ನ್ಯಾಯವಾದುದೇ. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ತರಿಸಿ ಕೊಡುವವನು ಆಗ ಮಾಡಬೇಕಾದುದನ್ನೇ ಮಾಡುತ್ತಾನೆ. ಅವನನ್ನು ತಡೆಯುವುದು ಧರ್ಮವಲ್ಲ. ಆದರೆ ಪ್ರತಿ ಬೇಸಿಗೆಯಲ್ಲಿಯೂ ಅದೇ ಊರು ಬಾಯಾರುತ್ತಿದ್ದರೆ, ವರ್ಷ ವರ್ಷವೂ ಟ್ಯಾಂಕರು ತರಿಸಿ ಅದರ ಕಾರಣವನ್ನು ಒಮ್ಮೆಯೂ ಕೇಳದವನ ಕರುಣೆ ಅರ್ಧದಲ್ಲಿಯೇ ನಿಂತಿದೆ. ವೈದ್ಯನು ನೋವಿಗೆ ಔಷಧ ಕೊಟ್ಟು ರೋಗವನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಇದೆಲ್ಲ ಸರ್ಕಾರದ ಕೆಲಸವಲ್ಲವೆ ಎಂಬುದು ಎರಡನೆಯದು. ಸರ್ಕಾರ ಸುಮ್ಮನೆ ಕುಳಿತಿಲ್ಲ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 2023ರ ವೇಳೆಗೆ ಸುಮಾರು 25 ಲಕ್ಷ ಚದರ ಕಿಲೋಮೀಟರ್ ಪ್ರದೇಶದ ಜಲಧರ ಶಿಲೆಗಳ ನಕ್ಷೆ ಸಿದ್ಧವಾಯಿತು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಿಗಾಗಿ 6,000 ಕೋಟಿ ರೂಪಾಯಿಗಳ ಅಟಲ್ ಭೂಜಲ ಯೋಜನೆ 2020ರಿಂದ ಐದು ವರ್ಷಗಳ ಅವಧಿಗೆ ರೂಪುಗೊಂಡಿತು. ಅದರ ಅರ್ಧ ಹಣ ವಿಶ್ವ ಬ್ಯಾಂಕಿನ ಸಾಲ. ಆದರೆ ದೇಶದ ನಕ್ಷೆ ಊರಿನ ನಕ್ಷೆಯಾಗಲಾರದು. ಯೋಜನೆಗಳಿಗೆ ಅವಧಿಯಿದೆ, ಅಂತರ್ಜಲಕ್ಕೆ ಅವಧಿಯಿಲ್ಲ. ಸರ್ಕಾರ ಆಸ್ಪತ್ರೆಗಳನ್ನು ನಡೆಸುತ್ತಿದ್ದರೂ ಔಷಧದಾನ ನಿಂತಿಲ್ಲ. ಶಾಲೆಗಳನ್ನು ನಡೆಸುತ್ತಿದ್ದರೂ ವಿದ್ಯಾದಾನ ನಿಂತಿಲ್ಲ. ದಾನವು ಪಡೆಯುವವನ ಅಗತ್ಯಕ್ಕಾಗಿ ಹೇಗೋ ಹಾಗೆ ಕೊಡುವವನ ಲೋಭನಿವೃತ್ತಿಗಾಗಿಯೂ ಇರುವುದರಿಂದ ಅದನ್ನು ಸರ್ಕಾರಕ್ಕೆ ವಹಿಸಿಕೊಡಲು ಬರುವುದಿಲ್ಲ.

ಮೂರನೆಯ ಶಂಕೆ ಜೈನರಿಗೇ ವಿಶೇಷವಾದುದು. ನೆಲವನ್ನು ಅಗೆಯುವುದರಲ್ಲಿ, ನೀರನ್ನು ಕಲಕುವುದರಲ್ಲಿ ಪೃಥ್ವೀಕಾಯ, ಅಪ್ಕಾಯ ಜೀವಗಳಿಗೆ ಹಿಂಸೆಯಿದೆ. ಅಂತಹ ಆರಂಭಕ್ಕೆ ಹಣ ಕೊಡಬಹುದೆ? ಗೃಹಸ್ಥನು ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನೆಂಬುದನ್ನು ಆಚಾರ್ಯರು ಒಪ್ಪಿಕೊಂಡೇ ನಿಯಮಗಳನ್ನು ಹೇಳಿದ್ದಾರೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳ ಆರಂಭಕ್ಕೆ ತೊಡಗುವುದನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ನೀರಿದೆಯೆ ಇಲ್ಲವೆ ಎಂದು ವಿಚಾರಿಸದೆ ಒಂದರ ಪಕ್ಕದಲ್ಲಿ ಇನ್ನೊಂದರಂತೆ ಕೊರೆದು ವ್ಯರ್ಥವಾದ ಕೊಳವೆಬಾವಿಗಳಿಗಿಂತ ಸ್ಪಷ್ಟವಾದ ಉದಾಹರಣೆ ಇದಕ್ಕೆ ಬೇಕಾಗಿಲ್ಲ. ಅಧ್ಯಯನವು ಈ ವ್ಯರ್ಥಹಿಂಸೆಯನ್ನು ತಗ್ಗಿಸುತ್ತದೆ. ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಸರೋವರ, ಕೆರೆಗಳನ್ನು ಬತ್ತಿಸುವುದೂ ಒಂದೆಂದು ಶ್ವೇತಾಂಬರ ಆಗಮ ಎಣಿಸಿದೆ. ಇಂದು ಯಾರೂ ಕೆರೆಯ ಏರಿಯನ್ನು ಒಡೆದು ಬತ್ತಿಸುವುದಿಲ್ಲ. ಕೆಳಗಿನಿಂದ ಹೀರಿ ಬತ್ತಿಸುತ್ತಾರೆ. ಮಾರ್ಗ ಬದಲಾಯಿತೆಂದು ದೋಷ ಬದಲಾಗುವುದಿಲ್ಲ.

ಈ ದಾನವು ಹಣದಿಂದ ಮೊದಲಾಗದೆ ಮಿತಿಯಿಂದ ಮೊದಲಾಗುವುದು ಉಚಿತ. ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನು ನಿಧಿಯಲ್ಲಿ ನಾಲ್ಕು ಕೋಟಿ, ವ್ಯಾಪಾರದಲ್ಲಿ ನಾಲ್ಕು ಕೋಟಿ, ಮನೆಯ ಸಂಪತ್ತಿನಲ್ಲಿ ನಾಲ್ಕು ಕೋಟಿ ಹೊನ್ನನ್ನು ಹೊಂದಿದ್ದ ಗೃಹಪತಿ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ತೊಟ್ಟಾಗ ಅವನು ತನ್ನ ಹೊನ್ನಿಗೆ ಹೇಗೋ ಹಾಗೆ ನೀರಿಗೂ ಪರಿಮಾಣ ಮಾಡಿಕೊಂಡನು: ಸ್ನಾನಕ್ಕೆ ಎಂಟು ಕೊಡ, ಕುಡಿಯಲು ಆಕಾಶದಿಂದ ಬಿದ್ದ ಮಳೆಯ ನೀರು. ಹನ್ನೆರಡು ಕೋಟಿಯ ಒಡೆಯನಿಗೆ ಒಂಬತ್ತನೆಯ ಕೊಡ ದುಬಾರಿಯಾಗಿರಲಿಲ್ಲ. ಕೊಳ್ಳುವ ಶಕ್ತಿಯೂ ಬಳಸುವ ಹಕ್ಕೂ ಒಂದೇ ಅಲ್ಲವೆಂಬುದೇ ಆ ವ್ರತದ ತಾತ್ಪರ್ಯ. ತನ್ನ ತೋಟಕ್ಕೆ, ಗಿರಣಿಗೆ, ಕಲ್ಯಾಣಮಂಟಪಕ್ಕೆ ದಿನಕ್ಕೆ ಎಷ್ಟು ನೀರು ಹೋಗುತ್ತಿದೆಯೆಂದು ಒಂದು ಮೀಟರು ಕೂರಿಸಿ ನೋಡದವನು ಊರಿಗೆ ಜಲಸಂರಕ್ಷಣೆಯನ್ನು ಉಪದೇಶಿಸಿದರೆ ಅದು ಕಿವಿಗೆ ಮಾತ್ರ ತಲುಪುತ್ತದೆ.

ಇನ್ನು ಹಣದ ವಿನಿಯೋಗ ಹೇಗಿರಬೇಕು? ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಇದಕ್ಕೆ ಮಾದರಿಯಿದೆ. ಗೊಮ್ಮಟದೇವರ ಅಭಿಷೇಕಕ್ಕೆ ನಿತ್ಯವೂ ಹಾಲು ಸಲ್ಲಬೇಕೆಂದು ಭಕ್ತರು ಇಟ್ಟ ಹೊನ್ನಿನ ಅಸಲನ್ನು ಮುಟ್ಟುವಂತಿರಲಿಲ್ಲ. ಅದರ ಬಡ್ಡಿಯಿಂದ ಹಾಲು ಸಲ್ಲಬೇಕಾಗಿತ್ತು. ಇದೇ ರೀತಿಯ ಶಾಶ್ವತ ನಿಧಿಯನ್ನು ಒಂದೊಂದು ಊರಿನ ಸಮಾಜವು ಅಂತರ್ಜಲಕ್ಕಾಗಿ ಇಡಬಹುದು. ಅದರ ಬಡ್ಡಿಯಿಂದ ಒಂದು ಮಳೆಮಾಪಕ, ಗೊತ್ತುಮಾಡಿದ ಕೆಲವು ಬಾವಿಗಳ ಮಟ್ಟದ ತಿಂಗಳ ಅಳತೆ, ವರ್ಷಕ್ಕೆರಡು ಬಾರಿ ನೀರಿನ ಪರೀಕ್ಷೆ, ಶಾಲೆಯ ಮಕ್ಕಳಿಗೆ ಆ ಅಳತೆಗಳನ್ನು ಓದುವ ಅಭ್ಯಾಸ, ಬಸದಿಯ ಗೋಡೆಯ ಮೇಲೆ ತಿಂಗಳು ತಿಂಗಳೂ ಬರೆಯುವ ಒಂದು ಸಾಲು ಇಷ್ಟು ನಡೆದರೆ ಸಾಕು. ಕೊಳವೆಬಾವಿ ಅನಿವಾರ್ಯವಾದೆಡೆ, ಅದನ್ನು ಕೊಡುವವರು ಮೊದಲು ಭೂವಿಜ್ಞಾನ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಎತ್ತುವಷ್ಟು ನೀರನ್ನು ಇಂಗಿಸುವ ಏರ್ಪಾಡನ್ನೂ ಅದೇ ದಾನದಲ್ಲಿ ಸೇರಿಸಬಹುದು. ಬಸದಿಯ ಆವರಣದಲ್ಲಿ ಬತ್ತಿದ ಬಾವಿಯಿದ್ದರೆ, ಅದರ ಹೂಳು ತೆಗೆಸಿ ಚಾವಣಿಯ ಮಳೆನೀರನ್ನು ಸೋಸಿ ಬಿಡುವುದರಿಂದಲೇ ಆರಂಭಿಸಬಹುದು.

ಇಂತಹ ದಾನಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಸ್ಥಳ ದೊರೆಯುವುದಿಲ್ಲ. ಅಳತೆಯ ಪುಸ್ತಕದ ಮೇಲೆ ಯಾರೂ ಹೂವಿಡುವುದಿಲ್ಲ. ಇಂಗಿದ ನೀರು ಯಾರ ಬಾವಿಯಲ್ಲಿ ಏರಿತೆಂದು ದಾನಿಗೆ ತಿಳಿಯುವುದಿಲ್ಲ, ಏರಿದ ಬಾವಿಯವನಿಗೆ ದಾನಿ ಯಾರೆಂದು ತಿಳಿಯುವುದಿಲ್ಲ. ಕೀರ್ತಿಯ ಆಸೆ ದಾನವನ್ನು ಕೆಡಿಸುತ್ತದೆಂದು ಹಿರಿಯರು ಎಚ್ಚರಿಸಿದ್ದಾರೆ. ಆ ಆಸೆಗೆ ಅವಕಾಶವನ್ನೇ ಕೊಡದ ದಾನವಿದು. ಮುಂದೆ ಒಂದು ಬೇಸಿಗೆಯಲ್ಲಿ ಮುನಿಸಂಘವು ಊರಿಗೆ ಬಂದಾಗ, ಅಲ್ಲಿಯ ಶ್ರಾವಕರು ಬಸದಿಯ ಬಾವಿಯಿಂದಲೇ ನೀರು ಸೇದಿ, ಗಾಳಿಸಿ, ಬಟ್ಟೆಯ ಮೇಲೆ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವಂತಾದರೆ ಈ ದಾನವು ಸಫಲವಾಯಿತೆಂದು ತಿಳಿಯಬೇಕು.